ಒಣಗಿದ ಮೇಣವನ್ನು ಎಸೆಯುವ ಮೊದಲು



ಮಳೆಗಾಲದ ಅಬ್ಬರ ಇಳಿದಿದೆ. ಸಂಜೆ ಹೊತ್ತು ಗುಡುಗಿನೊಂದಿಗೆ ಬರುವ ತುಲಾಮಳೆಯನ್ನು ಬಿಟ್ಟರೆ ಹಗಲೆಲ್ಲ ಒಳ್ಳೆಯ ಬಿಸಿಲು. ತೆನೆಹಬ್ಬ ಕಳೆಯಿತು, ಜಪಸರದ ತಿಂಗಳೂ ಮುಗಿಯುತ್ತಾ ಬಂತು. ಇನ್ನು ಚರ್ಚಿನ ವಾರ್ಷಿಕ ಹಬ್ಬ, ಕ್ರಿಸ್ಮಸ್, ಅದರ ಬೆನ್ನಿಗೆ ಮದುವೆಗಳು. ಗೋಡೆಗೆ ಸುಣ್ಣ, ಬಾಗಿಲಿಗೆ ವಾರ್ನಿಷ್ ಎಂದು ಓಡಾಡುವ ಈ ದಿನಗಳಲ್ಲಿ ಅಂಗಳದಲ್ಲಿರುವ ಕಾರು, ಬೈಕು, ಆಟೋರಿಕ್ಷಾಗಳ ಮೇಲೂ ಮನೆಯವರ ಕಣ್ಣು ಬೀಳುತ್ತದೆ.

ನಾಲ್ಕು ತಿಂಗಳ ಮಳೆ, ಕಡಲ ಕಡೆಯಿಂದ ಬರುವ ಉಪ್ಪುಗಾಳಿ, ಮುರಕಲ್ಲಿನ ಕೆಂಪು ಧೂಳು, ತೆಂಗಿನ ಮರದ ಮೇಲಿನಿಂದ ಬೀಳುವ ಕಾಗೆಯ ಹಿಕ್ಕೆ, ಇಷ್ಟನ್ನೂ ಸಹಿಸಿದ ಬಣ್ಣ ಮಂಕಾಗಿರುತ್ತದೆ. ಆಗ ಯಾರಿಗೋ ನೆನಪಾಗುತ್ತದೆ: ‘ಮೇಣದ ಡಬ್ಬಿಯೊಂದು ಇತ್ತಲ್ಲ?’ ಕಾಸರಗೋಡಿನ ನಮ್ಮ ಅನೇಕ ಮನೆಗಳಲ್ಲಿ ಆ ಡಬ್ಬಿ ಗಲ್ಫಿನಿಂದ ಬಂದದ್ದು. ಸೋಪು, ಬಾಮು, ಹಾಲಿನ ಪುಡಿಯ ಜೊತೆಗೆ ಪೆಟ್ಟಿಗೆಯ ಮೂಲೆಯಲ್ಲಿ ಕಾರಿನ ಮೇಣವೂ ಊರಿಗೆ ಬಂದಿರುತ್ತದೆ. ಎರಡು ಸಲ ಬಳಸಿ ಅಟ್ಟಕ್ಕೇರಿಸಿದ್ದನ್ನು ಈಗ ಇಳಿಸಿ ಮುಚ್ಚಳ ತೆಗೆದರೆ, ಒಳಗಿರುವುದು ಬೇಸಗೆಯ ಗದ್ದೆಯ ಹಾಗೆ ಬಿರುಕು ಬಿಟ್ಟ ಒಂದು ಗಟ್ಟಿ ಬಿಲ್ಲೆ. ಬೆರಳಿಟ್ಟರೆ ಅಂಟುವುದಿಲ್ಲ, ಬಟ್ಟೆಗೆ ಹಿಡಿಯುವುದಿಲ್ಲ. ಡಬ್ಬಿ ನೇರ ಕಸಕ್ಕೆ ಹೋಗುತ್ತದೆ.

ಸ್ವಲ್ಪ ತಡೆಯಿರಿ. ಈ ಸಲದ ನಮ್ಮ ಮಾತು ಆ ಡಬ್ಬಿಯ ಬಗ್ಗೆಯೇ.

ಮೇಣ ಹಾಳಾಗಿಲ್ಲ

ಡಬ್ಬಿಯಲ್ಲಿ ಬರುವ ಗಟ್ಟಿ ಮೇಣದಲ್ಲಿ ಮುಖ್ಯವಾಗಿ ಎರಡು ವಸ್ತುಗಳಿವೆ. ಒಂದು ಮೇಣ. ಇನ್ನೊಂದು ಆ ಮೇಣವನ್ನು ಬೆಣ್ಣೆಯಂತೆ ಮೆದುವಾಗಿ ಇಡುವ, ಟರ್ಪೆಂಟೈನ್ ಜಾತಿಯ, ಬೇಗ ಆರಿಹೋಗುವ ಎಣ್ಣೆ. ನಾವು ಕಾರಿಗೆ ಹಚ್ಚಿದಾಗ ಎಣ್ಣೆ ಗಾಳಿಗೆ ಹಾರಿ ಹೋಗಿ ಮೇಣ ಮಾತ್ರ ಬಣ್ಣದ ಮೇಲೆ ಉಳಿಯುತ್ತದೆ. ಮುಚ್ಚಳ ಸಡಿಲವಾದ ಡಬ್ಬಿಯೊಳಗೂ ನಿಧಾನವಾಗಿ ನಡೆದದ್ದು ಇದೇ. ಹೋದದ್ದು ಎಣ್ಣೆ, ಮೇಣ ಅಲ್ಲಿಯೇ ಇದೆ. ಪಾಲಿಶ್ ಡಬ್ಬಿಯಲ್ಲಿ ಗಟ್ಟಿಯಾದ ಶೂ ಪಾಲಿಶಿನ ಕತೆಯೂ ಹೀಗೆಯೇ.

ಆ ಮೇಣ ಎಲ್ಲಿಂದ ಬಂತು ಎಂದು ತಿಳಿದರೆ ಎಸೆಯಲು ಮನಸ್ಸು ಬಾರದು. ಕಾರಿನ ಒಳ್ಳೆಯ ಮೇಣಗಳಲ್ಲಿ ಇರುವ ಮುಖ್ಯ ವಸ್ತು ಕಾರ್ನೌಬಾ. ಬ್ರೆಜಿಲ್ ದೇಶದ ಈಶಾನ್ಯ ಭಾಗದಲ್ಲಿ, ಪಿಯಾವಿ, ಸಿಯಾರಾ ಎಂಬ ರಾಜ್ಯಗಳಲ್ಲಿ ಬೆಳೆಯುವ ಒಂದು ಜಾತಿಯ ತಾಳೆ ಮರದ ಎಲೆಯ ಮೇಣ ಅದು. ಒಣ ಸೀಮೆಯ ಸುಡುಬಿಸಿಲಿನಲ್ಲಿ ತನ್ನ ನೀರು ಆರಿಹೋಗದಂತೆ ಮರವೇ ಎಲೆಯ ಮೇಲೆ ಈ ಮೇಣವನ್ನು ಹೊದ್ದುಕೊಳ್ಳುತ್ತದೆ. ಅಲ್ಲಿನ ಕೂಲಿಯವರು ಉದ್ದದ ಕೋಲಿಗೆ ಕತ್ತಿ ಕಟ್ಟಿ ಎಲೆ ಕೊಯ್ದು, ಬಿಸಿಲಿಗೆ ಒಣಗಿಸಿ, ಬಡಿದು ಮೇಣದ ಪುಡಿಯನ್ನು ಉದುರಿಸುತ್ತಾರೆ. ಆಮೇಲೆ ಅದನ್ನು ಕರಗಿಸಿ ಸೋಸುತ್ತಾರೆ. ಜೇನುಮೇಣ ಸುಮಾರು 62ರಿಂದ 64 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಕರಗಿದರೆ, ಕಾರ್ನೌಬಾ ಕರಗಲು 80 ಡಿಗ್ರಿಗಿಂತ ಹೆಚ್ಚು ಬೇಕು. ನಮ್ಮ ಏಪ್ರಿಲ್ ಬಿಸಿಲಿನಲ್ಲಿ ನಿಂತ ಕಾರಿನ ಮೇಲೂ ಅದು ಕರಗಿ ಹರಿಯದೆ ನಿಲ್ಲುವುದು ಇದೇ ಕಾರಣಕ್ಕೆ. ತೆಂಗು, ಅಡಿಕೆಯ ನಡುವೆ ಬದುಕುವ ನಮಗೆ, ದೂರದ ಇನ್ನೊಂದು ತಾಳೆಯ ಜಾತಿಯ ಮರವನ್ನು ನಂಬಿ ಬದುಕುವವರ ಶ್ರಮ ಅರ್ಥವಾಗದ ಸಂಗತಿಯಲ್ಲ.

ಮೊದಲು ಪರೀಕ್ಷಿಸಿ

ಎಲ್ಲ ಡಬ್ಬಿಗಳನ್ನೂ ಉಳಿಸಲಾಗದು, ಉಳಿಸಲೂ ಬಾರದು. ಮುಚ್ಚಳ ತೆಗೆದು ಮೂರು ವಿಷಯ ನೋಡಿ.

ಒಂದು, ಬೂಷ್ಟು ಹಿಡಿದಿದೆಯೇ, ಕೆಟ್ಟ ಹುಳಿ ವಾಸನೆ ಇದೆಯೇ? ಇದ್ದರೆ ಬಿಟ್ಟುಬಿಡಿ. ಎರಡು, ಡಬ್ಬಿಯ ತುಕ್ಕು, ಮರಳು, ಧೂಳು ಮೇಣದೊಳಗೆ ಸೇರಿದೆಯೇ? ಮೇಲಿನ ಪದರದಲ್ಲಿ ಮಾತ್ರ ಇದ್ದರೆ ಹಳೆಯ ಚಮಚದಿಂದ ಕೆರೆದು ತೆಗೆಯಿರಿ. ಒಳಗೆಲ್ಲ ಬೆರೆತಿದ್ದರೆ ಅದು ಮೇಣವಲ್ಲ, ಮರಳುಕಾಗದ. ಕಾರಿನ ಬಣ್ಣವನ್ನು ಗೀರಿಬಿಡುತ್ತದೆ. ಮೂರು, ಇದು ಎಣ್ಣೆಯ ಮೇಣವೋ, ನೀರಿನ ಮೇಣವೋ? ಒಂದು ಚಿಟಿಕೆಯನ್ನು ಹಳೆಯ ತಟ್ಟೆಗೆ ಹಾಕಿ ಎರಡು ಹನಿ ನೀರು ಬಿಟ್ಟು ಬೆರಳಲ್ಲಿ ಉಜ್ಜಿ. ಹಾಲಿನ ಹಾಗೆ ಬೆರೆತರೆ ನೀರಿನದು. ನೀರು ಮುತ್ತಾಗಿ ಜಾರಿದರೆ ಎಣ್ಣೆಯದು.

ನೀರಿನ ಮೇಣವಾದರೆ ಪೆಟ್ರೋಲ್ ಬಂಕಿನಲ್ಲಿ ಸಿಗುವ ಡಿಸ್ಟಿಲ್ಡ್ ವಾಟರ್ ಹನಿ ಹನಿಯಾಗಿ ಹಾಕಿ ಕಲಸಿದರೆ ಸಾಕು. ಬಾಟಲಿಯಲ್ಲಿ ಬರುವ ತೆಳು ಮೇಣ ಮೊಸರು ಒಡೆದ ಹಾಗೆ ಬೇರೆ ಬೇರೆಯಾಗಿ, ಚೆನ್ನಾಗಿ ಕುಲುಕಿದರೂ ಕೂಡಿಕೊಳ್ಳದಿದ್ದರೆ ಅದರ ಆಸೆ ಬಿಡಿ. ಎಣ್ಣೆಯ ಮೇಣವಾದರೆ ಮುಂದೆ ಓದಿ.

ಒಲೆಯ ಹತ್ತಿರ ಬೇಡ

ಕಳೆದ ವರ್ಷ ಜಪಸರದ ತಿಂಗಳಲ್ಲಿ ನಮ್ಮ ವಾಳೆಯ ಒಂದು ಮನೆಗೆ ಪ್ರಾರ್ಥನೆಗೆ ಹೋಗಿದ್ದೆವು. ಮನೆಯ ಯಜಮಾನರು ಬಹಳ ವರ್ಷ ಗಲ್ಫಿನಲ್ಲಿ ದುಡಿದವರು, ಈಗಿಲ್ಲ. ಅವರ ಕಾರು ಮಾತ್ರ ಶೆಡ್ಡಿನಲ್ಲಿದೆ. ಮಗಳ ಮದುವೆ ಜನವರಿಗೆ ನಿಶ್ಚಯವಾಗಿತ್ತು. ಮದುಮಗಳು ಅಪ್ಪನ ಕಾರಿನಲ್ಲಿಯೇ ಚರ್ಚಿಗೆ ಹೋಗಬೇಕೆಂದು ತಾಯಿಗೆ ಆಸೆ. ಪ್ರಾರ್ಥನೆ ಮುಗಿದು ಚಹಾ ಕುಡಿಯುವಾಗ ಮಗ ಒಂದು ಡಬ್ಬಿಯನ್ನು ತಂದು ನಮ್ಮ ಮುಂದಿಟ್ಟ.

“ಅಂಕಲ್, ಪಪ್ಪ ಕೊನೆಯ ಸಲ ಬರುವಾಗ ತಂದದ್ದು ಇದು. ಕಲ್ಲಿನ ಹಾಗೆ ಆಗಿದೆ. ಗ್ಯಾಸಿನ ಮೇಲೆ ಸ್ವಲ್ಪ ಇಟ್ಟರೆ ಕರಗುತ್ತದಲ್ಲ?”

“ಬಿಸಾಡು ಅಂದರೆ ಕೇಳುವುದಿಲ್ಲ ಇವನು,” ಎಂದರು ತಾಯಿ. ಹಾಗೆಂದವರೇ ಡಬ್ಬಿಯನ್ನು ಸೆರಗಿನಲ್ಲಿ ಒರೆಸಿ ಮತ್ತೆ ಮೇಜಿನ ಮೇಲಿಟ್ಟರು.

ಮಗನಿಗೆ ನಾವು ಹೇಳಿದ್ದನ್ನು ನಿಮಗೂ ಹೇಳುತ್ತೇವೆ. ಗ್ಯಾಸ್ ಒಲೆ, ಸೌದೆ ಒಲೆ, ಮೈಕ್ರೋವೇವ್, ಮೇಣದಬತ್ತಿ ಯಾವುದರ ಮೇಲೂ, ಯಾವುದರ ಹತ್ತಿರವೂ ಈ ಡಬ್ಬಿ ಹೋಗಬಾರದು. ಮೇಣದಲ್ಲಿ ಉಳಿದಿರುವ ಎಣ್ಣೆಯ ಆವಿ ಸುಮಾರು 40 ಡಿಗ್ರಿ ಶಾಖದಲ್ಲಿಯೇ ಕಿಡಿ ತಗಲಿದರೆ ಹೊತ್ತಿಕೊಳ್ಳಬಲ್ಲದು. ಮೇಣ ಕರಗಲು 80 ಡಿಗ್ರಿ ಬೇಕು. ಅಂದರೆ ಮೇಣ ಕರಗುವುದಕ್ಕಿಂತ ಬಹಳ ಮೊದಲೇ ಬೆಂಕಿ ಹಿಡಿಯುವ ಹೊತ್ತು ಬಂದಿರುತ್ತದೆ. ಆ ಆವಿ ಗಾಳಿಗಿಂತ ಭಾರ. ನೆಲದ ಮೇಲೆ ಹರಡಿಕೊಂಡು ದೂರದ ದೀಪವನ್ನೂ ಮುಟ್ಟೀತು. ಮುಚ್ಚಳ ಬಿಗಿದು ಕಾಯಿಸಿದರಂತೂ ಡಬ್ಬಿಯೇ ಸಿಡಿದೀತು. ಮದುವೆಯ ಮನೆಯಲ್ಲಿ ಅಂಥದ್ದು ಆಗುವುದು ಬೇಡ, ಯಾವ ಮನೆಯಲ್ಲಿಯೂ ಬೇಡ.

ಮೆದು ಮಾಡುವ ಕ್ರಮ

ಬೇಕಾದದ್ದು ಬೆಂಕಿಯಲ್ಲ, ತಾಳ್ಮೆ. ಪೇಂಟ್ ಅಂಗಡಿಯಲ್ಲಿ ‘ಮಿನರಲ್ ಟರ್ಪೆಂಟೈನ್’ ಎಂದು ಕೇಳಿ ಚಿಕ್ಕ ಬಾಟಲಿ ತನ್ನಿ. ಪೆಟ್ರೋಲ್ ಬೇಡವೇ ಬೇಡ, ಅದು ನಮ್ಮ ಮಾಮೂಲು ಹವೆಯಲ್ಲಿಯೇ ಹೊತ್ತಿಕೊಳ್ಳುವ ವಸ್ತು. ಥಿನ್ನರ್ ಬೇಡ, ಕಾರಿನ ಬಣ್ಣವನ್ನೇ ತಿನ್ನಬಹುದು. ಸೀಮೆಎಣ್ಣೆಯೂ ಬೇಡ, ಅದು ಬೇಗ ಆರದೆ ಜಿಡ್ಡು ಬಿಟ್ಟು ಧೂಳನ್ನೆಲ್ಲ ಎಳೆದುಕೊಳ್ಳುತ್ತದೆ. ತೆಂಗಿನೆಣ್ಣೆ ಆರುವುದೇ ಇಲ್ಲ.

ಕೆಲಸವನ್ನು ಅಂಗಳದಲ್ಲಿ, ನೆರಳಿನಲ್ಲಿ, ಗಾಳಿ ಆಡುವ ಕಡೆ ಮಾಡಿ. ಹತ್ತಿರ ಬೀಡಿ ಸಿಗರೇಟು, ಸೊಳ್ಳೆ ಬತ್ತಿ, ಕಸ ಸುಡುವ ಬೆಂಕಿ ಇರಬಾರದು. ಗಟ್ಟಿ ಬಿಲ್ಲೆಯನ್ನು ಹಳೆಯ ಚೂರಿಯಿಂದ ಡಬ್ಬಿಯೊಳಗೆಯೇ ಬೆಲ್ಲದ ಚೂರಿನ ಹಾಗೆ ಸಣ್ಣಗೆ ಹೆರೆಯಿರಿ. 200 ಗ್ರಾಮಿನ ಡಬ್ಬಿಗೆ ಒಂದು ಟೀ ಚಮಚ ಟರ್ಪೆಂಟೈನನ್ನು ಎಲ್ಲ ಕಡೆಗೆ ಬೀಳುವಂತೆ ಹಾಕಿ, ಮುಚ್ಚಳ ಬಿಗಿ ಮಾಡಿ, ಬೆಚ್ಚಗಿನ ಆದರೆ ನೇರ ಬಿಸಿಲು ಬೀಳದ ಜಾಗದಲ್ಲಿ ಒಂದು ದಿನ ಇಡಿ. ಮರುದಿನ ಕಡ್ಡಿಯಿಂದ ಕಲಸಿ ನೋಡಿ. ಇನ್ನೂ ಪುಡಿಪುಡಿಯಾಗಿದ್ದರೆ ಇನ್ನೊಂದು ಚಮಚ, ಇನ್ನೊಂದು ದಿನ.

ಶೂ ಪಾಲಿಶಿನಷ್ಟು ಮೆದುವಾದರೆ ನಿಲ್ಲಿಸಿ. ಅವಸರದಲ್ಲಿ ಒಮ್ಮೆಗೇ ಜಾಸ್ತಿ ಸುರಿದರೆ ಗಂಜಿಯಾಗುತ್ತದೆ. ಆಗ ಮುಚ್ಚಳ ತೆರೆದು ಹೊರಗಿಟ್ಟು ಆರಲು ಬಿಡಬೇಕಾಗುತ್ತದೆ. ಎರಡು ಮೂರು ದಿನ ಕಳೆದರೂ ಗಂಟುಗಳು ಉಳಿದರೆ ಸ್ನಾನದ ಬಿಸಿನೀರನ್ನು ಬಕೆಟಿನಲ್ಲಿ ಅಂಗಳಕ್ಕೆ ತಂದು, ಒಲೆಯಿಂದ ದೂರದಲ್ಲಿ, ಡಬ್ಬಿಯ ಮುಚ್ಚಳ ಸಡಿಲ ಮಾಡಿ, ನೀರು ಒಳಗೆ ಹೋಗದಂತೆ ಹತ್ತು ನಿಮಿಷ ಅದರಲ್ಲಿ ನಿಲ್ಲಿಸಿ ಕಲಸಿ. ಹಂಡೆಯ ಒಲೆ ಉರಿಯುತ್ತಿರುವ ಬಚ್ಚಲಿನಲ್ಲಿ ಈ ಕೆಲಸ ಬೇಡ. ಆಮೇಲೂ ಉಳಿಯುವ ಗಂಟನ್ನು ಆರಿಸಿ ತೆಗೆಯಿರಿ.

ಮೇಲಿನ ಪದರ ಮಾತ್ರ ಗಟ್ಟಿಯಾಗಿ, ಕೆಳಗೆ ಮೆದುವಾಗಿದ್ದರೆ ಇಷ್ಟೆಲ್ಲ ಬೇಡ. ಸ್ಪಂಜನ್ನು ನೀರಿನಲ್ಲಿ ಅದ್ದಿ ಚೆನ್ನಾಗಿ ಹಿಂಡಿ, ಆ ಪಸೆಯಲ್ಲಿಯೇ ಉಜ್ಜಿದರೆ ಸಾಕಷ್ಟು ಮೇಣ ಎದ್ದು ಬರುತ್ತದೆ.

ಹಚ್ಚುವ ಕ್ರಮ

ಮೊದಲು ಬಾಗಿಲು ತೆರೆದಾಗ ಮಾತ್ರ ಕಾಣುವ ಒಳಅಂಚಿನಲ್ಲಿ ಸ್ವಲ್ಪ ಹಚ್ಚಿ, ಒರೆಸಿ ನೋಡಿ. ಬಣ್ಣ ಮಂಕಾಗದೆ, ಗೀರು ಬೀಳದೆ ಇದ್ದರೆ ಮುಂದುವರಿಯಿರಿ. ವರ್ಕ್‌ಶಾಪಿನಲ್ಲಿ ಹೊಸದಾಗಿ ಪೇಂಟ್ ಮಾಡಿಸಿದ ಗಾಡಿಯಾದರೆ ಪೇಂಟರ್ ‘ಆಯಿತು’ ಎನ್ನುವವರೆಗೆ ಮೇಣ ಬೇಡ.

ಗಾಡಿಯನ್ನು ಧಾರಾಳ ನೀರಿನಲ್ಲಿ ತೊಳೆಯಿರಿ. ನಮ್ಮ ಕೆಂಪು ಮಣ್ಣಿನ ಧೂಳು ಉಳಿದಿರುವಾಗ ಉಜ್ಜಿದರೆ ಮೇಣದೊಂದಿಗೆ ಗೀರುಗಳನ್ನೂ ಹಚ್ಚಿದಂತೆ. ಹಕ್ಕಿಯ ಹಿಕ್ಕೆ ಅಂಟಿದ್ದರೆ ಒದ್ದೆ ಬಟ್ಟೆ ಹೊದೆಸಿ ನೆನೆಯಲು ಬಿಟ್ಟು ತೆಗೆಯಿರಿ, ಉಗುರಿನಿಂದ ಕೆರೆಯಬೇಡಿ. ಪೂರ್ತಿ ಒಣಗಲಿ. ಬಾನೆಟ್ಟಿನ ಮೇಲೆ ಕೈ ಇಟ್ಟರೆ ತಣ್ಣಗಿರಬೇಕು. ಬಿಸಿಲಿನಲ್ಲಿ ನಿಂತ, ಈಗಷ್ಟೇ ಪೇಟೆಗೆ ಹೋಗಿ ಬಂದ ಗಾಡಿಗೆ ಹಚ್ಚಿದರೆ ಮೇಣ ಕ್ಷಣದಲ್ಲಿ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ.

ಒಂದು ಬಾಗಿಲಿಗೆ ಹೆಬ್ಬೆರಳಿನ ಉಗುರಿನಷ್ಟು ಮೇಣ ಸಾಕು. ಇದನ್ನು ನಾವು ಒತ್ತಿ ಹೇಳುತ್ತೇವೆ. ರೊಟ್ಟಿಗೆ ಬೆಣ್ಣೆ ಸವರುವ ಉದಾರತನ ಇಲ್ಲಿ ಬೇಡ. ದಪ್ಪಗೆ ಹಚ್ಚಿದ್ದರಲ್ಲಿ ಹೆಚ್ಚಿನದು ಒರೆಸುವ ಬಟ್ಟೆಗೇ ಹೋಗುತ್ತದೆ. ಗಾಡಿಯನ್ನು ಕಾಯುವುದು ಕಣ್ಣಿಗೆ ಕಾಣದ ಆ ತೆಳು ಪೊರೆ. ಒಂದೊಂದೇ ಭಾಗವನ್ನು ತೆಗೆದುಕೊಳ್ಳಿ. ಬಾನೆಟ್ಟಿನ ಅರ್ಧ, ಒಂದು ಬಾಗಿಲು, ಹೀಗೆ.

ಐದರಿಂದ ಹದಿನೈದು ನಿಮಿಷಗಳಲ್ಲಿ ಮೇಲೆ ಮಂಜು ಕವಿದ ಹಾಗೆ ಬಿಳಿ ಬರುತ್ತದೆ. ತೇವದ ಹವೆಯಲ್ಲಿ ಇನ್ನೂ ಸ್ವಲ್ಪ ಹೊತ್ತು ಹಿಡಿಯಬಹುದು. ಗಡಿಯಾರಕ್ಕಿಂತ ಬೆರಳನ್ನು ನಂಬಿ. ಬೆರಳಿನಿಂದ ಒಂದು ಗೆರೆ ಎಳೆಯಿರಿ. ಮಸಕು ಮಸಕಾಗಿ ಹರಡಿದರೆ ಕಾಯಿರಿ, ಗೆರೆ ಸ್ವಚ್ಛವಾಗಿ ಕಂಡರೆ ಒರೆಸಿ. ಹಳೆಯ ಹತ್ತಿ ಬನಿಯನ್, ಒಗೆದು ಮೆದುವಾದ ಪಂಚೆಯ ತುಂಡು ಅಥವಾ ಮೈಕ್ರೋಫೈಬರ್ ಬಟ್ಟೆ ಆಗಬಹುದು. ಗುಂಡಿ, ಜಿಪ್ಪು, ಗಟ್ಟಿ ಹೊಲಿಗೆ ಇರುವ ಬಟ್ಟೆ ಆಗದು. ಆಗಾಗ ಬಟ್ಟೆಯ ಮಗ್ಗಲು ಬದಲಿಸಿ.

ಬಹಳ ಹಳೆಯ ಗಾಡಿಗಳಲ್ಲಿ ಒರೆಸುವ ಬಟ್ಟೆಗೆ ಗಾಡಿಯ ಬಣ್ಣವೇ ಸ್ವಲ್ಪ ಹತ್ತಬಹುದು. ಅದು ಬಿಸಿಲಿಗೆ ಸತ್ತ ಮೇಲ್ಪದರ, ಹೆದರಬೇಡಿ, ಕೈ ಹಗುರ ಮಾಡಿ. ಈಗಿನ ಗಾಡಿಗಳಲ್ಲಿ ಬಣ್ಣದ ಮೇಲೆ ಪಾರದರ್ಶಕ ಪದರ ಇರುವುದರಿಂದ ಹಾಗಾಗಬಾರದು. ಆದರೆ ಕೂಡಲೇ ನಿಲ್ಲಿಸಿ.

ಕೆಲಸ ಮುಗಿದ ಮೇಲೆ ಒಂದು ತಂಬಿಗೆ ನೀರು ಸುರಿದು ನೋಡಿ. ಕೆಸುವಿನ ಎಲೆಯ ಮೇಲಿನಂತೆ ನೀರು ಮುತ್ತಾಗಿ ಜಾರಿದರೆ ಮೇಣ ಹಿಡಿದಿದೆ. ನಮ್ಮ ಮಳೆ ಬಿಸಿಲಿಗೆ ಇದು ಕೆಲವು ವಾರ, ಹೆಚ್ಚೆಂದರೆ ಒಂದೆರಡು ತಿಂಗಳು ಬಾಳುತ್ತದೆ. ಆಮೇಲೆ ಮತ್ತೊಮ್ಮೆ. ಮೇಣ ಉಪ್ಪುಗಾಳಿ, ನೀರು, ಹಿಕ್ಕೆಗಳನ್ನು ತಡೆಯುತ್ತದೆಯೇ ಹೊರತು ಆಗಲೇ ಹಿಡಿದ ತುಕ್ಕನ್ನು ವಾಸಿಮಾಡುವುದಿಲ್ಲ. ತುಕ್ಕಿಗೆ ವರ್ಕ್‌ಶಾಪೇ ಗತಿ.

ಗಾಡಿಯ ಮೇಲೆಯೇ ಒಣಗಿದರೆ

ಹಚ್ಚಿ, ಅಷ್ಟರಲ್ಲಿ ನೆಂಟರು ಬಂದು, ಮಾತಿಗೆ ಕುಳಿತು ಎದ್ದಾಗ ಮೇಣ ಗಾಡಿಯ ಮೇಲೆಯೇ ಕಲ್ಲಾಗಿರುವುದುಂಟು. ಬಲವಾಗಿ ತಿಕ್ಕಬೇಡಿ. ಅದರ ಮೇಲೆಯೇ ಸ್ವಲ್ಪ ಮೆದು ಮೇಣ ಹಚ್ಚಿ ಕೂಡಲೇ ಒರೆಸಿ. ಹೊಸ ಮೇಣದ ಎಣ್ಣೆ ಹಳೆಯದನ್ನೂ ಸಡಿಲಿಸಿ ಎತ್ತಿಕೊಂಡು ಬರುತ್ತದೆ. ಕಪ್ಪು ಪ್ಲಾಸ್ಟಿಕ್ ಪಟ್ಟಿಗಳ ಮೇಲೆ ಬಿಳಿ ಕಲೆ ಉಳಿದರೆ ಮಕ್ಕಳ ಬಿಳಿ ರಬ್ಬರಿನಿಂದ ಉಜ್ಜಿ, ಮೆದು ಬ್ರಶ್ಶು, ಸಾಬೂನು ನೀರಿನಲ್ಲಿ ತೊಳೆಯಿರಿ.

ಹಚ್ಚಬಾರದ ಜಾಗಗಳಿವೆ. ಮುಂದಿನ ಗಾಜಿಗೆ ಬೇಡ, ವೈಪರ್ ತಡೆದು ತಡೆದು ಓಡುತ್ತದೆ, ರಾತ್ರಿ ಎದುರಿನ ದೀಪ ಕಣ್ಣಿಗೆ ಹರಡುತ್ತದೆ. ಬೈಕಿನ ಬ್ರೇಕ್ ಡಿಸ್ಕ್, ಟಯರ್, ಸೀಟು, ಕಾಲಿಡುವ ಜಾಗ, ಹಿಡಿಕೆ ಇವುಗಳಿಗೆ ಎಷ್ಟು ಮಾತ್ರಕ್ಕೂ ಬೇಡ. ಹೊಳಪಿಗಾಗಿ ಜಾರುವಿಕೆಯನ್ನು ಕೊಂಡುಕೊಂಡ ಹಾಗಾಗುತ್ತದೆ. ಹೊಳಪಿಲ್ಲದ ಮ್ಯಾಟ್ ಬಣ್ಣದ ಗಾಡಿಗೂ ಇದು ಸಲ್ಲದು.

ಮಕ್ಕಳಿರುವ ಮನೆಯಲ್ಲಿ

ಟರ್ಪೆಂಟೈನ್ ನೋಡಲು ನೀರಿನಂತೆಯೇ ಇರುತ್ತದೆ. ಉಳಿದದ್ದನ್ನು ನೀರಿನ, ಶರಬತ್ತಿನ ಬಾಟಲಿಗೆ ತುಂಬಿಸಿ ಇಡಬೇಡಿ. ತಂದ ಬಾಟಲಿಯಲ್ಲಿಯೇ, ಮಕ್ಕಳ ಕೈಗೆ ಸಿಗದ ಎತ್ತರದಲ್ಲಿ ಇಡಿ. ಎಷ್ಟು ಎಚ್ಚರ ವಹಿಸಿದರೂ ಮಗು ಒಂದು ಗುಟುಕು ಕುಡಿದುಬಿಟ್ಟರೆ ವಾಂತಿ ಮಾಡಿಸಲು ಹೋಗಬೇಡಿ. ಉಪ್ಪುನೀರು ಕುಡಿಸುವುದು, ಗಂಟಲಿಗೆ ಬೆರಳು ಹಾಕುವುದು ಎರಡೂ ಅಪಾಯ. ವಾಂತಿಯಾಗುವಾಗ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ, ಪ್ರಾಣಕ್ಕೆ ಕುತ್ತು ತರುವುದು ಅದೇ. ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ, ಬಾಟಲಿಯನ್ನೂ ಜೊತೆಗೆ ಒಯ್ಯಿರಿ. ಸೀಮೆಎಣ್ಣೆಗೂ ಇದೇ ಮಾತು. ಈ ಅಂಕಣದಲ್ಲಿ ಬೇರೇನು ಮರೆತರೂ ಇದೊಂದನ್ನು ಮನೆಯ ಹಿರಿಯರಿಗೆಲ್ಲ ಓದಿ ಹೇಳಿ.

ಟರ್ಪೆಂಟೈನ್ ತಗಲಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಒತ್ತಬೇಡಿ. ಹೊರಗೆ ಹಗ್ಗದ ಮೇಲೆ ಹರಡಿ, ವಾಸನೆ ಹೋಗುವವರೆಗೆ ಒಣಗಿಸಿ. ಉಳಿದ ದ್ರವವನ್ನು ಬಾವಿಕಟ್ಟೆಯ ಹತ್ತಿರವೋ ತೋಟದ ಕಣಿಗೋ ಚೆಲ್ಲಬೇಡಿ. ನಾಳೆ ಕುಡಿಯುವ ನೀರು ಅದೇ.

ಉಳಿದದ್ದಕ್ಕೂ ಉಪಯೋಗ ಉಂಟು

ಗಾಡಿಗೆ ಆಗದಷ್ಟು ಒರಟಾದ, ಆದರೆ ಬೂಷ್ಟು ಹಿಡಿಯದ ಮೇಣವನ್ನು ಹಾರೆ, ಪಿಕ್ಕಾಸು, ತೋಟದ ಕತ್ತಿಗೆ ತೆಳುವಾಗಿ ಉಜ್ಜಿಟ್ಟರೆ ಮಳೆಗಾಲದಲ್ಲಿ ತುಕ್ಕು ಕಡಿಮೆ. ಮಳೆಗೆ ಉಬ್ಬಿ ಬಿಗಿಯಾಗುವ ಮೇಜಿನ ಖಾನೆಯ ಅಂಚಿಗೆ ಸವರಿದರೆ ಸಲೀಸಾಗಿ ಜಾರುತ್ತದೆ. ಅಡುಗೆಮನೆಯ ಚೂರಿ, ಪಾತ್ರೆಗಳಿಗೆ ಮಾತ್ರ ಬೇಡ.

‘ಮೇಣದಬತ್ತಿಯ ತುಂಡುಗಳನ್ನು ಕರಗಿಸಿ ಕಾರಿಗೆ ಹಚ್ಚಬಹುದೇ?’ ಎಂದು ಕೇಳುವವರಿದ್ದಾರೆ. ಆಗದು. ಸಾಮಾನ್ಯ ಮೇಣದಬತ್ತಿಯ ಪ್ಯಾರಾಫಿನ್ ಮೆದು, ಬಿಸಿಲಿಗೆ ಜಿಡ್ಡಾಗಿ ಧೂಳು ಹಿಡಿಯುತ್ತದೆ. ಆಶೀರ್ವದಿಸಿದ ಮೇಣದಬತ್ತಿಯ ತುಂಡುಗಳಿದ್ದರೆ ಅವುಗಳನ್ನು ಪ್ರಾರ್ಥನೆಯ ಹೊತ್ತಿಗೆ ಉರಿಸಿ ಮುಗಿಸುವುದು ಅಥವಾ ಗೌರವದಿಂದ ಮಣ್ಣಿಗೆ ಸೇರಿಸುವುದು ನಮ್ಮ ಕ್ರಮ. ನವೆಂಬರ್ 2ರಂದು ಸಮಾಧಿಗಳ ಮೇಲೆ ಉರಿದು ಉಳಿಯುವ ಮೇಣವನ್ನು ಯುವಜನರು ಒಟ್ಟು ಮಾಡಿದರೆ ಹೊಸ ಬತ್ತಿಗಳನ್ನೇ ಎರೆಯಬಹುದು. ಅದನ್ನು ಇನ್ನೊಂದು ಸಂಚಿಕೆಯಲ್ಲಿ ಬರೆಯುತ್ತೇವೆ.

ಡಬ್ಬಿಯನ್ನು ಮುಚ್ಚಿಡುವಾಗ ಅಂಚನ್ನು ಒರೆಸಿ, ಮೇಣದ ಮೇಲೆ ಪ್ಲಾಸ್ಟಿಕ್ ಹಾಳೆಯ ತುಂಡು ಹಾಸಿ ಮುಚ್ಚಳ ಬಿಗಿಯಿರಿ. ತಂಪಾದ ಕಪಾಟಿನಲ್ಲಿಡಿ, ಕಾರಿನ ಡಿಕ್ಕಿಯಲ್ಲಿ ಅಲ್ಲ. ಹೀಗಿಟ್ಟರೆ ಬೇಗ ಒಣಗುವುದಿಲ್ಲ.

ಆ ಮದುವೆ ಮನೆಯ ಡಬ್ಬಿ ಏನಾಯಿತೆಂದು ಕೇಳುವಿರಿ. ಮೂರು ದಿನದಲ್ಲಿ ಮೆದುವಾಯಿತು, ಕಾರಿಗೆ ಎರಡು ಸಲ ಹಚ್ಚುವಷ್ಟು ಸಿಕ್ಕಿತು. ಮದುಮಗಳು ಅಪ್ಪನ ಕಾರಿನಲ್ಲಿಯೇ ಚರ್ಚಿಗೆ ಬಂದಳು. ಆ ಡಬ್ಬಿ ಒಣಗಿದ ಮಾತ್ರಕ್ಕೆ ಅವರ ಮನೆಯಲ್ಲಿ ಯಾರಿಗೂ ಅದು ಕಸವಾಗಿರಲಿಲ್ಲ. ಅದನ್ನು ಮೆದು ಮಾಡುವ ದಾರಿ ಮಾತ್ರ ಗೊತ್ತಿರಲಿಲ್ಲ.

ಸಂತ ಯೊವಾನ್ನರ ಶುಭಸಂದೇಶದ ಆರನೆಯ ಅಧ್ಯಾಯದಲ್ಲಿ, ಐದು ರೊಟ್ಟಿಗಳಿಂದ ಅಷ್ಟು ಜನರನ್ನು ತೃಪ್ತಿಪಡಿಸಿದ ಮೇಲೆ ಯೇಸುಸ್ವಾಮಿ ಉಳಿದ ತುಂಡುಗಳನ್ನು ಕೂಡಿಸಲು ಶಿಷ್ಯರಿಗೆ ಹೇಳುತ್ತಾರೆ. ಹನ್ನೆರಡು ಬುಟ್ಟಿ ತುಂಬುತ್ತದೆ. ಇಲ್ಲದ ರೊಟ್ಟಿಯನ್ನು ಉಂಟುಮಾಡಬಲ್ಲವರಿಗೆ ಉಳಿದ ತುಂಡಿನ ಚಿಂತೆ ಏಕೆ ಎಂದು ನಾವು ಎಷ್ಟೋ ಸಲ ಯೋಚಿಸಿದ್ದೇವೆ. ಧಾರಾಳವಾಗಿ ಕೊಡುವವರೇ ಪೋಲು ಮಾಡದವರೂ ಆಗಿರಬೇಕು ಎಂಬುದಷ್ಟೇ ನಮಗೆ ತೋಚಿದ ಉತ್ತರ. ಪೋಪ್ ಫ್ರಾನ್ಸಿಸ್ ಅವರು 2015ರ ‘ಲಾವ್ದಾತೊ ಸಿ’ ಪರಿಪತ್ರದಲ್ಲಿ ಎಸೆಯುವ ಸಂಸ್ಕೃತಿಯ ಬಗ್ಗೆ ಎಚ್ಚರಿಸಿದ್ದೂ ನಮ್ಮ ಅಟ್ಟದ ಡಬ್ಬಿಯಿಂದ ಬಹಳ ದೂರದ ಮಾತಲ್ಲ.

ಬರುವ ಶನಿವಾರ ಮಧ್ಯಾಹ್ನ ಮನೆಯ ದೊಡ್ಡವರು, ಮಕ್ಕಳು ಕೂಡಿ ಗಾಡಿ ತೊಳೆಯಿರಿ. ಟರ್ಪೆಂಟೈನಿನ ಕೆಲಸ ದೊಡ್ಡವರದು, ಒರೆಸುವ ಕೆಲಸ ಮಕ್ಕಳದು. ಹೊಳೆಯುವ ಬಾಗಿಲಿನಲ್ಲಿ ತಮ್ಮ ಮುಖ ಕಂಡಾಗ ಅವರಿಗಾಗುವ ಸಂತೋಷವನ್ನು ಯಾವ ಸರ್ವಿಸ್ ಸ್ಟೇಶನ್ನಿನಲ್ಲಿಯೂ ಹಣ ಕೊಟ್ಟು ಪಡೆಯಲಾಗದು.

ನೆನಪಿಡಿ

• ಬೂಷ್ಟು, ಮರಳು ಸೇರಿದ್ದರೆ ಎಸೆಯಿರಿ. ಬರೀ ಒಣಗಿದ್ದರೆ ಉಳಿಸಿ.
• ಬೆಂಕಿ ಬೇಡ, ಪೆಟ್ರೋಲ್ ಬೇಡ, ಥಿನ್ನರ್ ಬೇಡ.
• ಒಂದು ಚಮಚ ಟರ್ಪೆಂಟೈನ್, ಒಂದು ದಿನದ ತಾಳ್ಮೆ.
• ನೆರಳು, ತಣ್ಣಗಿನ ಗಾಡಿ, ತೆಳುವಾದ ಲೇಪ.
• ಗಾಜು, ಬ್ರೇಕು, ಟಯರು, ಸೀಟಿಗೆ ಹಚ್ಚಬೇಡಿ.
• ಮಗು ಟರ್ಪೆಂಟೈನ್ ಕುಡಿದರೆ ವಾಂತಿ ಮಾಡಿಸದೆ ಆಸ್ಪತ್ರೆಗೆ.